ಜಾಥಾ ಮುಗಿದ ಮೇಲಿನ ಕೆಲಸ: ಕಾಲೇಜು, ಹಾಸ್ಟೆಲ್ ಮತ್ತು ನಶೆ

ಜೂನ್ 26 ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಕಾಲೇಜು ಗೇಟುಗಳಿಗೆ ಬ್ಯಾನರ್ ಏರುತ್ತದೆ. ಅದು ಮಾದಕ ವಸ್ತು ವಿರೋಧಿ ಅಂತರರಾಷ್ಟ್ರೀಯ ದಿನ. ಎನ್ನೆಸ್ಸೆಸ್ ಹುಡುಗರು ಜಾಥಾ ಹೊರಡುತ್ತಾರೆ, ಒಬ್ಬ ಪೊಲೀಸ್ ಅಧಿಕಾರಿ, ಒಬ್ಬ ಡಾಕ್ಟರ ಭಾಷಣ ಆಗುತ್ತದೆ, ಪ್ರತಿಜ್ಞೆ ಆಗುತ್ತದೆ, ಉಪ್ಪಿಟ್ಟು-ಚಹಾ ಆಗುತ್ತದೆ. ಮಾಡಲಿ, ತಪ್ಪೇನಿಲ್ಲ. ಆದರೆ ಪದವಿ ಮತ್ತು ಇಂಜಿನಿಯರಿಂಗ್ ಮೊದಲ ವರ್ಷದವರ ಪ್ರವೇಶ ಆ ಹೊತ್ತಿಗೆ ಮುಗಿದೇ ಇರುವುದಿಲ್ಲ. ಯಾರು ಕೇಳಬೇಕೋ ಅವರು ಇನ್ನೂ ರೋಣದಲ್ಲೋ ಹಾನಗಲ್ಲಿನಲ್ಲೋ ತಮ್ಮ ಮನೆಯಲ್ಲೇ ಇರುತ್ತಾರೆ.

ಒಂದು ಕಾಲೇಜು ಈ ವಿಷಯದಲ್ಲಿ ಎಷ್ಟು ಗಟ್ಟಿ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು. ರಾತ್ರಿ ಹನ್ನೊಂದೂವರೆಗೆ ಹಾಸ್ಟೆಲ್ ರೂಮಿನಲ್ಲಿ ಒಬ್ಬ ಕುಡಿದು ಎಚ್ಚರ ತಪ್ಪಿದರೆ ಅವನ ಗೆಳೆಯರು ವಾರ್ಡನ್ನಿಗೆ ಫೋನ್ ಮಾಡುತ್ತಾರೋ, ಬಾಗಿಲಿಗೆ ಚಿಲಕ ಹಾಕುತ್ತಾರೋ? ಚಿಲಕ ಹಾಕುವ ಹಾಸ್ಟೆಲ್ಲಿನಲ್ಲಿ ಎಷ್ಟೇ ಸಿಸಿ ಕ್ಯಾಮೆರಾ ಇದ್ದರೂ ಆಡಳಿತಕ್ಕೆ ಸುದ್ದಿ ಮುಟ್ಟುವುದು ಕೊನೆಗೇ. ಫೋನ್ ಬರುವ ಹಾಸ್ಟೆಲ್ಲಿನಲ್ಲಿ ಕುಡಿತ ಚಟವಾಗುವ ಮೊದಲೇ ಗೊತ್ತಾಗುತ್ತದೆ. ಉಳಿದ ಕೆಲಸವೆಲ್ಲ ಆ ಒಂದು ಫೋನ್ ಬರುವಂತೆ ಮಾಡುವುದರ ಸುತ್ತಲೇ ಇದೆ.

ಅದಕ್ಕೆ ಬೇಕಾದ ಮೊದಲ ವಸ್ತು ಒಂದು ಲಿಖಿತ ನಿಯಮ. ನಾಲ್ಕೇ ಸಾಲು ಇರಲಿ: "ನಶೆಯಿಂದ ಅಪಾಯದಲ್ಲಿರುವ ವಿದ್ಯಾರ್ಥಿಗಾಗಿ ಸಹಾಯ ಕೇಳಿದವರ ಮೇಲೂ, ಸಹಾಯ ಪಡೆದವರ ಮೇಲೂ ಕುಡಿದ ಅಥವಾ ನಶೆ ಮಾಡಿದ ಕಾರಣಕ್ಕೆ ಶಿಸ್ತು ಕ್ರಮ ಇಲ್ಲ. ಸಹಾಯ ಪಡೆದವರು ಏಳು ದಿನದೊಳಗೆ ಆಪ್ತ ಸಮಾಲೋಚಕರನ್ನು ಒಮ್ಮೆ ಕಾಣಬೇಕು. ಮಾರಾಟ, ಬಲವಂತವಾಗಿ ಕುಡಿಸುವುದು, ಹೊಡೆದಾಟ, ಕುಡಿದು ಗಾಡಿ ಓಡಿಸುವುದಕ್ಕೆ ಈ ರಿಯಾಯಿತಿ ಇಲ್ಲ. ವಾರ್ಡನ್ ಫೋನ್ ರಾತ್ರಿ ಇಡೀ ಚಾಲೂ ಇರುತ್ತದೆ." ಪ್ರಾಚಾರ್ಯರ ಸಹಿ ಹಾಕಿಸಿ ಪ್ರತಿ ರೂಮಿನ ಬಾಗಿಲ ಒಳಬದಿಗೆ ಅಂಟಿಸಬೇಕು. ನೋಟಿಸ್ ಬೋರ್ಡಿಗೆ ಹಾಕಿದರೆ ಪರೀಕ್ಷೆ ವೇಳಾಪಟ್ಟಿಯ ಕೆಳಗೆ ಮುಚ್ಚಿಹೋಗುತ್ತದೆ, ರಾತ್ರಿ ಹನ್ನೊಂದೂವರೆಗೆ ಅಲ್ಲಿ ಹೋಗಿ ಓದುವವರೂ ಇಲ್ಲ.

ನಿಯಮ ಕೆಡುವುದು ಹೀಗೆ: ಒಂದು ಸಲ ಒಬ್ಬ ಹುಡುಗ ನಂಬಿ ಫೋನ್ ಮಾಡುತ್ತಾನೆ, ವಾರ್ಡನ್ ಬಂದು ನಾಲ್ವರ ಹೆಸರು ಬರೆದುಕೊಂಡು ಮರುದಿನ ಮನೆಯವರನ್ನು ಕರೆಸುತ್ತಾರೆ. ಬೆಳಗಿನ ನಾಷ್ಟಾ ಮುಗಿಯುವುದರೊಳಗೆ ಆ ಸುದ್ದಿ ಇಡೀ ಹಾಸ್ಟೆಲ್ಲಿಗೆ ಗೊತ್ತು. ಆ ಮೇಲೆ ಆ ಬ್ಯಾಚು ಹೊರಬೀಳುವ ತನಕ ಇನ್ನೊಂದು ಫೋನ್ ಬರುವುದಿಲ್ಲ. ಹಾಗಾಗಿ ನಿಯಮ ತರುವ ಮೊದಲು ವಾರ್ಡನ್, ಸೆಕ್ಯುರಿಟಿಯವರು, ಅಡುಗೆಯವರು ಇವರನ್ನು ಕೂರಿಸಿ ಹೇಳಬೇಕು. ಅಡುಗೆಯವರು ಯಾಕೆ ಎಂದರೆ, ಮೂರು ದಿನದಿಂದ ಯಾರು ಊಟಕ್ಕೆ ಬಂದಿಲ್ಲ ಎಂಬುದು ಹಾಜರಿ ಪುಸ್ತಕಕ್ಕಿಂತ ಮೊದಲು ಅವರಿಗೆ ಗೊತ್ತಿರುತ್ತದೆ.

ಫೋನ್ ಬಂದ ಮೇಲೆ ಏನು ಮಾಡಬೇಕು ಎಂಬುದು ಪ್ರತಿ ಮಹಡಿಯಲ್ಲಿ ಇಬ್ಬರು ವಿದ್ಯಾರ್ಥಿಗಳಿಗಾದರೂ ಕೈಗೆ ರೂಢಿಯಾಗಿರಬೇಕು. ಎಚ್ಚರ ತಪ್ಪಿದವನ ಭುಜ ಅಲ್ಲಾಡಿಸಿ, ಹೆಸರು ಹಿಡಿದು ಜೋರಾಗಿ ಕರೆಯಿರಿ. ಕಣ್ಣು ಬಿಡದಿದ್ದರೆ ಮೊಬೈಲಿನಲ್ಲಿ ಒಂದು ನಿಮಿಷ ಹಚ್ಚಿ ಉಸಿರು ಎಣಿಸಿ. ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಇದ್ದರೆ, ಎರಡು ಉಸಿರಿನ ನಡುವೆ 10 ಸೆಕೆಂಡಿಗಿಂತ ಹೆಚ್ಚು ಅಂತರ ಬಿದ್ದರೆ, ತುಟಿ-ಉಗುರು ನೀಲಿಯಾಗಿದ್ದರೆ, ಮೈ ತಣ್ಣಗಾಗಿದ್ದರೆ, ಫಿಟ್ಸ್ ಬಂದರೆ, ಎಚ್ಚರವಿಲ್ಲದೆಯೇ ವಾಂತಿ ಆಗುತ್ತಿದ್ದರೆ ತಡ ಮಾಡದೆ 108. ಇವೆಲ್ಲ ಒಟ್ಟಿಗೆ ಕಾಣಲಿ ಎಂದು ಕಾಯಬೇಡಿ, ಒಂದಿದ್ದರೂ ಸಾಕು. ಎಷ್ಟು ಕರೆದರೂ ಎಚ್ಚರವಾಗದಿರುವುದೇ 108ಕ್ಕೆ ಸಾಕಷ್ಟು ಕಾರಣ.

ಗಾಡಿ ಬರುವ ತನಕ ಅವನನ್ನು ಮಗ್ಗುಲಿಗೆ ಹೊರಳಿಸಿ. ಮೇಲಿನ ಕಾಲಿನ ಮೊಳಕಾಲು ಮಡಚಿ ಮುಂದಕ್ಕೆ, ಮೇಲಿನ ಕೈ ಗಲ್ಲದ ಕೆಳಗೆ, ಬಾಯಿ ತುಸು ನೆಲದ ಕಡೆಗೆ. ಬೆನ್ನ ಹಿಂದೆ ಪುಸ್ತಕದ ಬ್ಯಾಗು ಒತ್ತರಿಸಿದರೆ ಮತ್ತೆ ಅಂಗಾತ ಹೊರಳುವುದಿಲ್ಲ. ಅಂಗಾತ ಮಲಗಿದಾಗ ವಾಂತಿ ಉಸಿರುನಾಳಕ್ಕೆ ಇಳಿದು ಜೀವ ಹೋಗಬಹುದು. ಉಸಿರು ನಿಂತೇಹೋದರೆ ಅಂಗಾತ ಮಾಡಿ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು, ಫೋನ್ ಸ್ಪೀಕರಿಗೆ ಹಾಕಿಟ್ಟು 108ರವರು ಹೇಳಿದಂತೆ ಮಾಡಬೇಕು. ಲಿಂಬೆ ರಸ, ಮಜ್ಜಿಗೆ, ಕಾಫಿ ಯಾವುದನ್ನೂ ಬಾಯಿಗೆ ಹಾಕಬಾರದು. ಗಂಟಲಿಗೆ ಬೆರಳು ಹಾಕಬಾರದು. ತಣ್ಣೀರು ಸುರಿದರೆ ಮೊದಲೇ ಇಳಿದ ಮೈ ಬಿಸಿ ಇನ್ನೂ ಇಳಿಯುತ್ತದೆ. ಎಲ್ಲಕ್ಕಿಂತ ದೊಡ್ಡ ತಪ್ಪು "ಮಲಗಲಿ ಬಿಡ್ರಿ, ಮುಂಜಾನೆ ಇಳಿತೈತಿ" ಎನ್ನುವುದು. ಕೊನೆಯ ಗುಟುಕು ಹೊಟ್ಟೆಯಿಂದ ರಕ್ತಕ್ಕೆ ಸೇರಲು ಇನ್ನೂ ಅರ್ಧ ತಾಸು, ಒಂದೂವರೆ ತಾಸು ಹಿಡಿಯಬಹುದು, ಅಂದರೆ ಮಲಗಿದ ಮೇಲೂ ನಶೆ ಏರುತ್ತಲೇ ಇರುತ್ತದೆ. ಇನ್ನೊಂದು, ಮೆಟ್ಟಿಲಿಂದ ಬಿದ್ದು ತಲೆಗೆ ಪೆಟ್ಟಾದವನ ಬಾಯಿಂದಲೂ ಸಾರಾಯಿ ವಾಸನೆ ಬರುತ್ತದೆ. ವಾಸನೆ ನೋಡಿ "ಕುಡಿದಾನ ಅಷ್ಟ" ಎಂದು ತೀರ್ಮಾನ ಮಾಡಬೇಡಿ. ಹಾಸಿಗೆ ಸುತ್ತ ಗುಳಿಗೆ ಸ್ಟ್ರಿಪ್ ಸಿಕ್ಕರೆ ಅದನ್ನು ಆಸ್ಪತ್ರೆಗೆ ಒಯ್ಯಿರಿ. ನಿದ್ದೆ ಗುಳಿಗೆ ಅಥವಾ ಟ್ರಮಡಾಲ್‌ನಂಥ ನೋವಿನ ಗುಳಿಗೆಯ ಮೇಲೆ ಮದ್ಯ ಬಿದ್ದರೆ ಉಸಿರಾಟ ಕುಗ್ಗುತ್ತದೆ, ಡಾಕ್ಟರಿಗೆ ಅದು ಗೊತ್ತಾಗಬೇಕು.

ಕುಡಿತದ ಲೆಕ್ಕ ಹುಡುಗರಿಗೆ ಯಾರೂ ಹೇಳಿಕೊಡುವುದಿಲ್ಲ, ನೀತಿ ಮಾತ್ರ ಹೇಳುತ್ತಾರೆ. ಲೆಕ್ಕ ಸರಳ. ವಿಸ್ಕಿ, ರಮ್ಮಿನಂಥವುಗಳ ಸಾಮಾನ್ಯ ಪ್ರಮಾಣ 42.8 ಪರ್ಸೆಂಟ್. 30 ಎಂಎಲ್ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. ಇಲ್ಲಿ ಎಲ್ಲೆಡೆ ಸಿಗುವ 90 ಎಂಎಲ್ ಪ್ಯಾಕೆಟಿನಲ್ಲಿ 30 ಗ್ರಾಂ. "ಬರೇ ಬೀರ್ ಸರ್" ಎನ್ನುತ್ತಾರಲ್ಲ, 8 ಪರ್ಸೆಂಟಿನ ಸ್ಟ್ರಾಂಗ್ ಬೀರಿನ 650 ಎಂಎಲ್ ಬಾಟ್ಲಿಯಲ್ಲಿ 41 ಗ್ರಾಂ ಇರುತ್ತದೆ, ನಾಲ್ಕು ಪೆಗ್ಗಿನಷ್ಟು. ಆರೋಗ್ಯವಂತ ಲಿವರ್ ತಾಸಿಗೆ ಸುಮಾರು 7ರಿಂದ 10 ಗ್ರಾಂ ಕಳೆಯುತ್ತದೆ. ರಾತ್ರಿ ಹನ್ನೊಂದಕ್ಕೆ ಆ ಒಂದು ಬಾಟ್ಲಿ ಮುಗಿಸಿದವನ ಮೈಯಿಂದ ಅದು ಪೂರಾ ಹೋಗಲು ಬೆಳಗಿನ ಮೂರರಿಂದ ಐದು ಗಂಟೆ ಆದೀತು. ಸಾವಜಿ ಊಟ ಗಡದ್ದಾಗಿ ಹೊಡೆದರೆ ಏರುವುದು ನಿಧಾನವಾಗುತ್ತದೆ, ಕುಡಿದದ್ದು ಮಾಯವಾಗುವುದಿಲ್ಲ. ಒಂದೇ ತೂಕದ ಹುಡುಗಿಗೆ ಅಷ್ಟೇ ಕುಡಿತ ಹೆಚ್ಚು ಏರುತ್ತದೆ, ಮೈಯಲ್ಲಿ ನೀರಿನ ಅಂಶ ಕಡಿಮೆ ಇರುವುದರಿಂದ.

ಗಾಡಿ ಓಡಿಸುವವರಿಗೆ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ. 60 ಕೆಜಿಯ ಹುಡುಗ ಖಾಲಿ ಹೊಟ್ಟೆಯಲ್ಲಿ ಅದೇ ಒಂದು ಬಾಟ್ಲಿ ಬೇಗ ಮುಗಿಸಿದರೆ ಅದನ್ನು ಎರಡು-ಮೂರು ಪಟ್ಟು ದಾಟುತ್ತಾನೆ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಬೈಪಾಸ್ ಬದಿಯ ಧಾಬಾದಿಂದ ಒಂದೇ ಬೈಕಿನಲ್ಲಿ ಮೂವರು ಮರಳುವ ಹೊತ್ತಿಗೆ ದಂಡ ಚಿಕ್ಕ ಚಿಂತೆ.

ಆ ಧಾಬಾಕ್ಕೆ ಹೋಗುವ ಹವ್ಯಾಸಕ್ಕೆ ಅರ್ಧ ಕಾರಣ ಮೆಸ್ಸಿನ ಸಮಯ. ಏಳೂವರೆಗೆ ಊಟ, ಎಂಟೂವರೆಗೆ ಮೆಸ್ ಬಂದ್. ಹತ್ತೂವರೆಗೆ ಹದಿನೆಂಟರ ಹುಡುಗನಿಗೆ ಹಸಿವಾಗದೆ ಇರುತ್ತದೆಯೇ? ಊಟಕ್ಕೆಂದು ಹೊರಗೆ ಹೋದವರು ಬಾಟ್ಲಿ ಇರುವ ಟೇಬಲ್ಲಿಗೆ ಕೂಡುತ್ತಾರೆ. ರಾತ್ರಿ ಹತ್ತರಿಂದ ಹನ್ನೊಂದರ ತನಕ ಚಹಾ, ಗಿರಮಿಟ್ಟು, ಆಮ್ಲೆಟ್ಟು ಏನಾದರೂ ಹಾಸ್ಟೆಲ್ಲಿನಲ್ಲೇ ಸಿಗುವಂತೆ ಮಾಡಿ. ವಾಚನಾಲಯ ಹನ್ನೊಂದರ ತನಕ ತೆರೆದಿಡಿ, ಬ್ಯಾಡ್ಮಿಂಟನ್ ಕೋರ್ಟಿಗೆ ಲೈಟು ಹಾಕಿ, ಶನಿವಾರ ರಾತ್ರಿ ಏನಾದರೊಂದು ಪಂದ್ಯ ಇಡಿ. ಒಂದು ವರ್ಷದ ಜಾಥಾ, ಬ್ಯಾನರ್, ಹಾರ, ಶಾಲಿನ ಖರ್ಚಿನಲ್ಲಿ ಆ ಲೈಟು ಬರುತ್ತದೆ.

ಮೊದಲ ವರ್ಷದವರ ಮೊದಲ ಆರು ವಾರ ಎಲ್ಲಕ್ಕಿಂತ ನಾಜೂಕು. ಊರಿಂದ ಬಸ್ಸಿನಲ್ಲಿ ಬುತ್ತಿ ಬರುತ್ತಿರುತ್ತದೆ, ಗೆಳೆಯರು ಇನ್ನೂ ಆಗಿರುವುದಿಲ್ಲ, ಇಂಗ್ಲಿಷ್ ಪಾಠ ತಲೆಗೆ ಹತ್ತುವುದಿಲ್ಲ. ಆಗ ಮೊದಲು "ಬಾರಲೇ ದೋಸ್ತ" ಎಂದವರ ಗುಂಪೇ ಮುಂದಿನ ಮೂರು-ನಾಲ್ಕು ವರ್ಷದ ಗುಂಪು. ಆದ್ದರಿಂದ ಹತ್ತು ಮಂದಿ ಹೊಸಬರಿಗೆ ಒಬ್ಬ ಹಿರಿಯ ವಿದ್ಯಾರ್ಥಿಯನ್ನು ಹಚ್ಚಿ ವಾರಕ್ಕೊಮ್ಮೆ ಅರ್ಧ ತಾಸು ಕೂಡುವಂತೆ ಮಾಡಬೇಕು. ಆ ಹಿರಿಯರ ಆಯ್ಕೆಯಲ್ಲಿ ಎಡವುವುದು ಸಾಮಾನ್ಯ: ರ‍್ಯಾಂಕ್ ಬಂದವರನ್ನು ಹಾಕುತ್ತಾರೆ, ಹೊಸಬರು ಅವರ ಹತ್ತಿರ ಬಾಯಿ ಬಿಡುವುದಿಲ್ಲ. ಕ್ಯಾಂಟೀನಿನಲ್ಲಿ ಎಲ್ಲರನ್ನೂ ಮಾತಾಡಿಸುವವನು ಹೆಚ್ಚು ಉಪಯೋಗ. ಸೀನಿಯರ್ ಬಲವಂತವಾಗಿ ಕುಡಿಸಿದರೆ ಅದು ರ‍್ಯಾಗಿಂಗ್. 1800-180-5522ಕ್ಕೆ ದೂರು ಕೊಡಬಹುದು. ಪಿಯುಸಿಯವರಂತೆ 18 ತುಂಬದವರಿಗೆ ಮದ್ಯ ಅಥವಾ ಮಾದಕ ವಸ್ತು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ ಏಳು ವರ್ಷದವರೆಗೆ ಕಠಿಣ ಶಿಕ್ಷೆ ಇದೆ. "ಬರ್ತ್‌ಡೇ ಪಾರ್ಟಿ ಕೊಟ್ವಿ ಅಷ್ಟ" ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ.

ಹೊಸಬರ ತಲೆಯಲ್ಲಿ ಕೂತಿರುವ ಒಂದು ತಪ್ಪು ಲೆಕ್ಕವನ್ನೂ ಆಗಲೇ ತೆಗೆಯಬೇಕು, "ಕಾಲೇಜಂದ ಮ್ಯಾಲೆ ಎಲ್ಲಾರೂ ಕುಡೀತಾರ" ಎಂಬುದು. ಕೇಂದ್ರ ಸರಕಾರಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ 10ರಿಂದ 75 ವಯಸ್ಸಿನವರ ಪೈಕಿ ಕುಡಿಯುವವರು ಶೇ 14.6. ಗಂಡಸರನ್ನಷ್ಟೇ ಹಿಡಿದರೂ ಶೇ 27.3. ಭಂಗಿ, ಗಾಂಜಾ, ಚರಸ್ ಎಲ್ಲ ಕೂಡಿ ಶೇ 2.8. ಕುಡಿಯುವವರ ಗದ್ದಲ ಕಿವಿಗೆ ಬೀಳುತ್ತದೆ, ಕುಡಿಯದವರು ರೂಮಿನಲ್ಲಿ ಮಲಗಿರುತ್ತಾರೆ. ನಿಮ್ಮ ಕಾಲೇಜಿನಲ್ಲೇ ಹೆಸರಿಲ್ಲದ ಚೀಟಿಯಲ್ಲಿ ಎರಡು ಪ್ರಶ್ನೆ ಕೇಳಿ: ಕಳೆದ ತಿಂಗಳು ನೀವು ಕುಡಿದಿರಾ, ನಿಮ್ಮ ಕ್ಲಾಸಿನಲ್ಲಿ ನೂರಕ್ಕೆ ಎಷ್ಟು ಮಂದಿ ಕುಡಿದಿರಬಹುದು? ಎರಡನೆಯ ಅಂಕಿ ಮೊದಲನೆಯದಕ್ಕಿಂತ ದೊಡ್ಡದಾಗಿ ಬಂದರೆ ಆ ಎರಡನ್ನೂ ದೊಡ್ಡದಾಗಿ ಬರೆದು ಹಾಕಿ. ಸುಟ್ಟ ಶ್ವಾಸಕೋಶದ ಚಿತ್ರಕ್ಕಿಂತ ಇದು ಕೆಲಸ ಮಾಡುತ್ತದೆ.

ಅಪಾಯದ ರಾತ್ರಿಗಳ ಪಟ್ಟಿಯೂ ಮೊದಲೇ ಗೊತ್ತಿರುವಂಥದ್ದೇ. ಫ್ರೆಶರ್ಸ್ ಡೇ, ಗಣಪತಿ ಕಳಿಸುವ ದಿನ, ಡಿಸೆಂಬರ್ 31, ಕೊನೆಯ ಇಂಟರ್ನಲ್ ಮುಗಿದ ಸಂಜೆ, ಹುಬ್ಬಳ್ಳಿಯಲ್ಲಾದರೆ ರಂಗಪಂಚಮಿ. ಬಣ್ಣದ ದಿನ ಭಂಗಿ ಕುಡಿದವರು ಕೆಡುವುದು ಅವಸರದಿಂದ. ಸೇದಿದ ಗಾಂಜಾ ನಿಮಿಷಗಳಲ್ಲಿ ಏರುತ್ತದೆ, ಹೊಟ್ಟೆಗೆ ಹೋದದ್ದು ಏರಲು ಅರ್ಧ ತಾಸಿನಿಂದ ಎರಡು ತಾಸು ಬೇಕು. "ಏನೂ ಆಗ್ಲಿಲ್ಲ" ಎಂದು ಎರಡನೇ ಲೋಟ ಹೊಡೆಯುತ್ತಾರೆ, ಎರಡೂ ಕೂಡಿ ಏರಿ ಎದೆ ಹೊಡೆದುಕೊಳ್ಳುತ್ತದೆ, ಸಾಯುತ್ತೇನೆಂಬ ಭಯ ಹತ್ತುತ್ತದೆ. ಗದ್ದಲವಿಲ್ಲದ ಕೋಣೆಯಲ್ಲಿ ಕೂರಿಸಿ ಒಬ್ಬರು ಮೆಲ್ಲಗೆ ಮಾತಾಡುತ್ತಿರಬೇಕು. ಎದೆನೋವು ಬಂದರೆ, ಇಲ್ಲದ್ದು ಕಂಡಂತೆ ಆಡಿದರೆ ಆಸ್ಪತ್ರೆ. ಇಂಥ ದಿನಗಳಲ್ಲಿ ಕಾರ್ಯಕ್ರಮದ ಊಟ ಮೊದಲು, ಡಿಜೆ ಆಮೇಲೆ, ಮುಗಿಯುವ ಹೊತ್ತು ಕೊನೆಯ ಚಿಗರಿ ಬಸ್ಸಿಗಿಂತ ಮುಂಚೆ.

ಗುಳಿಗೆಯ ಕಡೆ ಕಾಲೇಜುಗಳ ಗಮನ ಕಡಿಮೆ. ವಾಸನೆ ಇಲ್ಲ, ಹೊಗೆ ಇಲ್ಲ, ಜೇಬಿನಲ್ಲಿ ಹಿಡಿಯುತ್ತದೆ. ಟ್ರಮಡಾಲ್, ಟಪೆಂಟಡಾಲ್‌ನಂಥ ನೋವಿನ ಗುಳಿಗೆ, ಆಲ್ಪ್ರಜೋಲಾಮ್, ನೈಟ್ರಜೆಪಾಮ್‌ನಂಥ ನಿದ್ದೆ ಗುಳಿಗೆ, ಕೋಡೀನ್ ಇರುವ ಕೆಮ್ಮಿನ ಸಿರಪ್. ಡಾಕ್ಟರ ಚೀಟಿ ಇಲ್ಲದೆ ಇವನ್ನು ಮಾರುವಂತಿಲ್ಲ. ಔಷಧ ನಿಯಮಗಳ ಎಚ್1 ಪಟ್ಟಿಯಲ್ಲಿರುವ ಔಷಧವಾದರೆ ಮೆಡಿಕಲ್ ಶಾಪಿನವರು ಡಾಕ್ಟರು, ರೋಗಿ, ಔಷಧ, ಪ್ರಮಾಣ ಬರೆದ ಪ್ರತ್ಯೇಕ ರಿಜಿಸ್ಟರ್ ಮೂರು ವರ್ಷ ಇಡಬೇಕು. ಕಾಲೇಜಿನ ಸುತ್ತಲಿನ ಅಂಗಡಿಯವರನ್ನು ವರ್ಷಕ್ಕೆರಡು ಸಲ ಚಹಾಕ್ಕೆ ಕರೆದು ಇದನ್ನೇ ಮಾತಾಡಿ. ಬಹಳಷ್ಟು ಮಂದಿ ನೆಟ್ಟಗೆ ವ್ಯಾಪಾರ ಮಾಡುವವರು, ಯಾರು ಪದೇ ಪದೇ ಬರುತ್ತಾರೆಂದು ಅವರೇ ಹೇಳುತ್ತಾರೆ. ಪಂಕ್ಚರ್ ಸೊಲ್ಯೂಷನ್, ಥಿನ್ನರ್ ಮೂಸುವುದನ್ನು ಹುಡುಗಾಟಿಕೆ ಎಂದು ಬಿಡಬಾರದು. ಅದರಿಂದ ಹೃದಯದ ಬಡಿತ ತಪ್ಪಿ ಮೊದಲ ಸಲವೇ ಸಾವು ಬರಬಹುದು.

ಮೂತ್ರ ಪರೀಕ್ಷೆಯ ಸ್ಟ್ರಿಪ್ ತಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸೋಣ ಎಂಬ ಉತ್ಸಾಹ ಆಗಾಗ ಆಡಳಿತ ಮಂಡಳಿಗಳಿಗೆ ಬರುತ್ತದೆ. ಬೇಡ. ಆ ಸ್ಟ್ರಿಪ್ ಬರೀ ಸುಳಿವು ಕೊಡುತ್ತದೆ, ಖಾತ್ರಿಗೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಹಬ್ಬದಲ್ಲಿ ಎರಡು ಬಟ್ಟಲು ಗಸಗಸೆ ಪಾಯಸ ಕುಡಿದವರ ಮೂತ್ರದಲ್ಲೂ ಅಫೀಮಿನ ಅಂಶ ಕಾಣಬಹುದು. ಡಾಕ್ಟರು ಬರೆದುಕೊಟ್ಟ ಕೋಡೀನ್ ಸಿರಪ್ಪೂ ಹಾಗೇ. ಒಮ್ಮೆ ಗಾಂಜಾ ಸೇದಿದವರಲ್ಲಿ ಮೂರ‍್ನಾಲ್ಕು ದಿನ, ದಿನಾ ಸೇದುವವರಲ್ಲಿ ತಿಂಗಳ ತನಕವೂ ಅಂಶ ಉಳಿಯುವುದರಿಂದ ಬಿಟ್ಟವನೂ ಸಿಕ್ಕಿಬೀಳುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ, ಮೇಲೆ ಹೇಳಿದ ಆ ಫೋನ್ ಮತ್ತೆ ಬರುವುದಿಲ್ಲ.

ಅದರ ಬದಲು ಮಾತು. ಹಾಜರಿ ಕುಸಿತ, ಅದರಲ್ಲೂ ಸೋಮವಾರದ ಮೊದಲ ತಾಸು ತಪ್ಪುವುದು, ಎಲ್ಲರ ಹತ್ತಿರ ಐನೂರು-ಸಾವಿರ ಕೈಗಡ, ಹಳೇ ಗೆಳೆಯರನ್ನು ಬಿಡುವುದು, ಹಗಲು ನಿದ್ದೆ. ಒಂದರಿಂದ ಏನೂ ಹೇಳಲಾಗದು, ತಿಂಗಳಲ್ಲಿ ಮೂರು ಕಂಡರೆ ಕರೆದು ಮಾತಾಡಿಸಿ. ಇದೇ ಲಕ್ಷಣ ಖಿನ್ನತೆಯಲ್ಲೂ ಕಾಣುತ್ತದೆ, ಮನೆಯಲ್ಲಿ ಸಾವಾದಾಗಲೂ, ಮೊಬೈಲ್ ಬೆಟ್ಟಿಂಗಿನಲ್ಲಿ ರೊಕ್ಕ ಕಳಕೊಂಡವರಲ್ಲೂ. "ನೀ ಕುಡೀತಿಯೇನಲೇ?" ಎಂದರೆ "ಇಲ್ರಿ ಸರ್" ಎಂಬ ಉತ್ತರ ತಯಾರೇ ಇರುತ್ತದೆ. ಹೀಗೆ ಶುರು ಮಾಡಿ: "ಬಾ ತಮ್ಮಾ, ಕುಂದರು. ಮೂರು ವಾರದಿಂದ ಮೊದಲನೇ ತಾಸಿಗೆ ಕಾಣಲಿಲ್ಲ ನೀ. ರಾತ್ರಿ ನಿದ್ದಿ ಹೆಂಗ ಆಗ್ತೈತಿ?" ಬಾಯಿ ಬಿಟ್ಟ ಮೇಲೆ "ವಾರದಾಗ ಎಷ್ಟು ದಿನಾ? ಒಂದ ಹೊತ್ತಿಗೆ ಎಷ್ಟು?" ಆಮೇಲೆ "ಬಿಡಬೇಕು ಅನ್ನೂದು ಸೊನ್ನೆಯಿಂದ ಹತ್ತರಾಗ ಎಷ್ಟೈತಿ?" ನಾಲ್ಕು ಎಂದರೆ "ನಾಕು ಯಾಕ, ಎರಡ ಯಾಕಲ್ಲ?" ಎಂದು ಕೇಳಿ. ಆಗ ಬಿಡಬೇಕಾದ ಕಾರಣಗಳನ್ನು ಅವನೇ ಹೇಳುತ್ತಾನೆ. "ಹತ್ತ ಯಾಕಲ್ಲ?" ಎಂದು ಕೇಳಿದರೆ ಬಿಡದಿರುವುದಕ್ಕೆ ಕಾರಣ ಹುಡುಕುತ್ತಾನೆ.

ಕುಡಿತದ ಪ್ರಮಾಣ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇದೆ, 40ಕ್ಕೆ ಅಂಕ. 8ಕ್ಕಿಂತ ಕಡಿಮೆ ಇದ್ದರೆ ಮಾಹಿತಿ ಸಾಕು, 8ರಿಂದ 15ಕ್ಕೆ ಮೇಲಿನಂಥ ಒಂದೆರಡು ಮಾತುಕತೆ, 16ರಿಂದ 19ಕ್ಕೆ ಬಿಡದೆ ಕೆಲವು ಸಲ ಸಮಾಲೋಚನೆ, 20 ಮತ್ತು ಮೇಲೆ ಬಂದವರನ್ನು ವೈದ್ಯರ ಕಡೆ ಕಳಿಸಬೇಕು. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯ ಮನೋರೋಗ ವಿಭಾಗ, ಗದಗಿನಲ್ಲಿ ಜಿಮ್ಸ್ ಆಸ್ಪತ್ರೆ, ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆ ಇವೆ. ಫೋನಿನಲ್ಲೇ ಮಾತಾಡಬೇಕೆಂದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ದಿನಾ ಕುಡಿಯುವವನಿಗೆ "ಇವತ್ತಿಂದ ಬಂದ್" ಎಂದು ರೂಮಿನಲ್ಲಿ ಕೂಡಿಹಾಕುವುದು ಅಪಾಯ. ನಿಲ್ಲಿಸಿದ ಮೊದಲೆರಡು ದಿನದಲ್ಲಿ ಫಿಟ್ಸ್, ಎರಡು-ಮೂರನೇ ದಿನಕ್ಕೆ ಭ್ರಮೆ, ಬಡಬಡಿಕೆ ಬರಬಹುದು. ಕೈ ನಡುಗುವುದು, ಬೆವರುವುದು ಕಂಡರೆ ಆಸ್ಪತ್ರೆಯಲ್ಲೇ ಬಿಡಿಸಬೇಕು.

ರೂಮಿನಲ್ಲಿ ಗಾಂಜಾ ಅಥವಾ ಪುಡಿ ಸಿಕ್ಕರೆ? ವಾರ್ಡನ್ನರು ಅದನ್ನು ತಂದು ತಮ್ಮ ಟೇಬಲ್ ಡ್ರಾದಲ್ಲಿ ಇಡುತ್ತಾರೆ. ಆ ಕ್ಷಣದಿಂದ ಮಾಲು ಅವರ ವಶದಲ್ಲಿದೆ. ಶೌಚಾಲಯಕ್ಕೆ ಸುರಿದರೆ ಸಾಕ್ಷ್ಯನಾಶ. ಮುಟ್ಟದೆ, ಇಬ್ಬರು ಸಾಕ್ಷಿಗಳೆದುರು ಕೋಣೆಗೆ ಬೀಗ ಹಾಕಿ, ಹೊತ್ತು ಬರೆದಿಟ್ಟು 112ಕ್ಕೋ ಠಾಣೆಗೋ ತಿಳಿಸಬೇಕು. ಮಾರುವವರ ಸುಳಿವಿದ್ದರೆ ಮಾದಕ ವಸ್ತು ಸಹಾಯವಾಣಿ 1933. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ 1 ಕೆಜಿ ತನಕ ಅಲ್ಪ ಪ್ರಮಾಣ, ಒಂದು ವರ್ಷದವರೆಗೆ ಶಿಕ್ಷೆ. ಎಂಡಿಎಂಎ ಎಂಬ ರಾಸಾಯನಿಕ ಮಾದಕ ವಸ್ತುವಾದರೆ ಅರ್ಧ ಗ್ರಾಮೇ ಅಲ್ಪ ಪ್ರಮಾಣದ ಮಿತಿ, 10 ಗ್ರಾಂ ದಾಟಿದರೆ ಕನಿಷ್ಠ ಹತ್ತು ವರ್ಷ. ಐವರು ರೊಕ್ಕ ಕೂಡಿಸಿ ಒಬ್ಬ ತಂದು ಹಂಚಿದರೆ ಅವನ ಮೇಲೆ ಸೇವನೆಯ ಕೇಸಲ್ಲ, ಸಾಗಾಟ-ಮಾರಾಟದ ಕೇಸು ಬೀಳಬಹುದು. ಗೊತ್ತಿದ್ದೂ ಜಾಗ ಕೊಟ್ಟ ಮನೆ ಮಾಲೀಕರಿಗೂ ಅದೇ ಶಿಕ್ಷೆ, 25ನೇ ಕಲಮು. ಸಪ್ತಾಪುರ, ವಿದ್ಯಾನಗರದಂಥ ಕಡೆ ರೂಮು, ಪಿಜಿ ಬಾಡಿಗೆ ಕೊಡುವ ಪ್ರತಿಯೊಬ್ಬರಿಗೂ ಈ ಒಂದು ಸಾಲು ಮುಟ್ಟಬೇಕು. ಇನ್ನೊಂದು ಕಲಮು ಯಾರಿಗೂ ಗೊತ್ತಿಲ್ಲ, 64ಎ. ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿರುವ ವ್ಯಸನಿ ತಾನಾಗಿ ಮುಂದೆ ಬಂದು ಸರಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹೋಗಬಹುದು.

ಚಿಕಿತ್ಸೆ ಮುಗಿಸಿ ಬಂದವನಿಗೆ ಮೊದಲ ಮೂರು ತಿಂಗಳು ಕಠಿಣ. ಅದೇ ರೂಮಿಗೆ, ಅದೇ ಗೆಳೆಯರ ನಡುವೆ ಮರಳಿ ಹಾಕಬೇಡಿ. ತಪ್ಪಿಹೋದ ಇಂಟರ್ನಲ್ ಮತ್ತೆ ಬರೆಯಲು ಬಿಡಿ. ಕಾಯಿಲೆಯ ವಿವರ ಆಪ್ತ ಸಮಾಲೋಚಕರ ಬಳಿ ಮಾತ್ರ ಇರಲಿ, ವಿಭಾಗದ ವಾಟ್ಸಾಪ್ ಗುಂಪಿಗೆ ಹೋಗಬಾರದು.

ಮನೆಯವರಿಗೆ ಫೋನ್ ಮಾಡುವ ಮೊದಲು ಹುಡುಗನಿಗೆ ಹೇಳಿ, ಸಾಧ್ಯವಾದರೆ ಅವನನ್ನು ಎದುರಿಗೆ ಕೂರಿಸಿಕೊಂಡೇ ಮಾಡಿ. ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಕೇಳುತ್ತ ಕೂರಬೇಕಿಲ್ಲ. "ನಿಮ್ಮ ಮಗ ಕುಡೀತಾನ" ಎಂದು ಶುರು ಮಾಡಿದರೆ ಅಪ್ಪ ಮರುದಿನವೇ ಬಂದು ಹೊಡೆದು ಊರಿಗೆ ಕರಕೊಂಡು ಹೋಗುತ್ತಾರೆ, ಓದೂ ನಿಲ್ಲುತ್ತದೆ, ಕುಡಿತವೂ ನಿಲ್ಲುವುದಿಲ್ಲ. "ಅವಗ ಆರಾಮಿಲ್ರಿ, ಡಾಕ್ಟರಿಗೆ ತೋರಸಾಕ ಹತ್ತೇವಿ, ನೀವೊಮ್ಮೆ ಬರ‍್ರಿ" ಎನ್ನಿ. ಬಂದಾಗ ಒಂದು ಮಾತು ಮರೆಯದೆ ಹೇಳಬೇಕು: ಕುಡಿತ ಬಿಡಿಸುವ ಪುಡಿ, ಗುಳಿಗೆ ಎಂದು ಯಾರೋ ಕೊಟ್ಟದ್ದನ್ನು ಅವನಿಗೆ ತಿಳಿಯದಂತೆ ಸಾರಿನಲ್ಲಿ ಕಲಸಿ ಹಾಕಬಾರದು. ಅದರಲ್ಲಿ ಡೈಸಲ್ಫಿರಾಮ್ ಎಂಬ ಕುಡಿತ ಬಿಡಿಸುವ ಔಷಧ ಇದ್ದು, ಅವನು ಮೇಲೆ ಕುಡಿದರೆ ಬಿಪಿ ಇಳಿದು, ಎದೆಬಡಿತ ಏರಿ ಜೀವಕ್ಕೇ ಕುತ್ತು. ಕೊನೆಯ ಗುಳಿಗೆ ನುಂಗಿ ಎರಡು ವಾರ ಆದರೂ ಆ ಪ್ರತಿಕ್ರಿಯೆ ಬರಬಹುದು. ಆ ಗುಳಿಗೆಯನ್ನು ಡಾಕ್ಟರು ಬರೆದುಕೊಡಬೇಕು, ನುಂಗುವವನಿಗೆ ತಾನೇನು ನುಂಗುತ್ತಿದ್ದೇನೆಂದು ಗೊತ್ತಿರಬೇಕು.